ಮಿಲ್ಲು ಮುಚ್ಚಿದರೂ ಕೂಗು ನಿಂತಿಲ್ಲ: ಆಳದ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಅಂದರೆ ಏನು ಮಾಡುತ್ತಾರೆ?

ನಮ್ಮ ದೊಡ್ಡಪ್ಪನಿಗೆ ಆಗಾಗ ಬೀಳುವ ಕನಸೊಂದಿದೆ. ಅವರ ಮಾತಿನಲ್ಲೇ ಕೇಳಿ.

"ನಾಕೂವರಿಗೆ ಕೂಗು ಹೊಡೀತು. ಎದ್ದೆ. ಊಟದ ಡಬ್ಬಿ ಸಿಗವಲ್ದು. ನಿಮ್ಮ ದೊಡ್ಡವ್ವನ್ನ ಕರೆದ್ರೆ ಮಾತೇ ಇಲ್ಲ. ಹಂಗೇ ಹೋದೆ. ಗೇಟು ತೆಗೆದೈತಿ, ಒಳಗೆ ಯಾರೂ ಇಲ್ಲ. ಮಗ್ಗದ ಸದ್ದು ಮಾತ್ರ ಬರ್ತೈತಿ."

ಕೂಗು ಅಂದರೆ ಮಿಲ್ಲಿನ ಸೈರನ್. ದೊಡ್ಡಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಆ ಮಿಲ್ಲು ಮುಚ್ಚಿ ಇಪ್ಪತ್ತು ವರ್ಷ ದಾಟಿತು. ದೊಡ್ಡವ್ವ ತೀರಿಕೊಂಡು ಮೂರು ವರ್ಷ. ಈ ಕನಸನ್ನು ಬರೆಯಲಾ ಎಂದು ಕೇಳಿದೆ. "ಬರಿ, ಮಿಲ್ಲಿನ ಹೆಸರು ಬ್ಯಾಡ" ಅಂದರು. ಹಾಗಾಗಿ ಹೆಸರಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಮುಗಿಸಿ ಕಳೆದ ವರ್ಷ ಮನೆಗೆ ಬಂದಿದ್ದಳು. "ಮೇಡಂ, ಕನಸಿನ ಮೇಲೆ ಪಿಎಚ್‌ಡಿ ಮಾಡಬೇಕು ಅಂತಿದೀನಿ. ಸ್ಯಾಂಪಲ್ ಮುನ್ನೂರು ಸಾಕಾ?" ಅಂದಳು. "ಎಂಟು ಜನ ಸಿಕ್ಕರೆ ಜಾಸ್ತಿ" ಅಂದೆ. ತಮಾಷೆ ಅಂದುಕೊಂಡಳು. ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದ ಅಮ್ಮ ಅಲ್ಲಿಂದಲೇ "ಕನಸಿಗೂ ಪಿಎಚ್‌ಡಿ ಕೊಡ್ತಾರೇನೇ?" ಅಂತ ಕೇಳಿದರು. ಅವತ್ತು ಇಬ್ಬರಿಗೂ ಸರಿಯಾಗಿ ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ.

ಆಳ ಅಂದರೆ ಯಾವ ಆಳ?

ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಪೂರ್ತಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಆ ಭಾಗ ಸುಮ್ಮನೆ ಕೂತಿರುವುದೂ ಇಲ್ಲ. ಕನಸಾಗಿ ಬರುತ್ತದೆ, ಬಾಯಿ ತಪ್ಪಿ ಬರುವ ಮಾತಾಗಿ ಬರುತ್ತದೆ, ಮೂವತ್ತು ವರ್ಷದಿಂದ ಗಂಡ ಹೆಂಡತಿ ಆಡುವ ಒಂದೇ ಜಗಳವಾಗಿ ಬರುತ್ತದೆ. ಇಷ್ಟನ್ನು ಒಪ್ಪಿಕೊಂಡು ಅಲ್ಲಿಂದ ಕೆಲಸ ಶುರು ಮಾಡುವುದು ಆಳದ ಮನಶ್ಶಾಸ್ತ್ರ.

ಈ ಹೆಸರಿಟ್ಟವರು ಯೂಗನ್ ಬ್ಲಾಯ್ಲರ್ ಎನ್ನುತ್ತಾರೆ. ಜ್ಯೂರಿಚ್‌ನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು, ಸ್ಕಿಜೋಫ್ರೇನಿಯಾ ಎಂಬ ಪದ ಕೊಟ್ಟವರೂ ಅವರೇ. ದಾರಿ ಮಾಡಿದ್ದು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಮೇಲಿನ ಅವರ ಪುಸ್ತಕ 1899ರ ನವೆಂಬರಿನಲ್ಲೇ ಹೊರಬಂದರೂ ಮುಖಪುಟದ ಮೇಲೆ ಇದ್ದದ್ದು 1900. ಬ್ಲಾಯ್ಲರ್ ಕೈಕೆಳಗೆ ಕೆಲಸಕ್ಕೆ ಸೇರಿದ ಕಾರ್ಲ್ ಯೂಂಗ್ 1907ರಲ್ಲಿ ಫ್ರಾಯ್ಡ್ ಅವರನ್ನು ಭೇಟಿಯಾದರು, 1913ರ ಹೊತ್ತಿಗೆ ಇಬ್ಬರ ದಾರಿ ಬೇರೆಯಾಯಿತು. ಫ್ರಾಯ್ಡ್‌ಗೆ ಒಳಮನಸ್ಸು ಎಂದರೆ ಮುಖ್ಯವಾಗಿ ನಾವು ಅದುಮಿಟ್ಟ ಆಸೆ, ಭಯಗಳ ಜಾಗ. ಯೂಂಗ್‌ಗೆ ಅಷ್ಟೇ ಅಲ್ಲ. ಅದರ ಕೆಳಗೆ ಎಲ್ಲ ಮನುಷ್ಯರಿಗೂ ಸೇರಿದ ಇನ್ನೊಂದು ಪದರ ಇದೆ, ಕಥೆ ಪುರಾಣಗಳ ಚಿತ್ರಗಳು ಅಲ್ಲಿಂದ ಬರುತ್ತವೆ ಎಂದರು. ಆ ಚಿತ್ರಗಳ ಅಚ್ಚನ್ನು ಮೂಲಪ್ರತಿಮೆ ಅನ್ನುತ್ತಾರೆ.

ಇದೆಲ್ಲ ಗಾಳಿಮಾತು ಅನ್ನುವವರಿಗೆ ಒಂದು ಸಣ್ಣ ವಿಷಯ. ಯೂಂಗ್ ಮೊದಲು ಹೆಸರು ಮಾಡಿದ್ದು ಸ್ಟಾಪ್‌ವಾಚ್ ಹಿಡಿದು. ಒಂದು ಪದ ಹೇಳುವುದು, ಎದುರಿಗಿರುವವರು ತಟ್ಟನೆ ಹೊಳೆದ ಇನ್ನೊಂದು ಪದ ಹೇಳುವುದು, ಎಷ್ಟು ಹೊತ್ತು ತಗೊಂಡರು ಎಂದು ಅಳೆಯುವುದು. ಇದನ್ನು ನಾನು ಕ್ಲಾಸಿನಲ್ಲಿ ಮಾಡಿಸುತ್ತೇನೆ. "ಬಸ್ಸು" ಅಂದರೆ "ಸ್ಟ್ಯಾಂಡು", "ಮಿರ್ಚಿ" ಅಂದರೆ "ಮಂಡಕ್ಕಿ", ಒಂದು ಸೆಕೆಂಡೂ ಬೇಡ. "ಅಣ್ಣ" ಅಂದಾಗ ಒಬ್ಬ ಹುಡುಗ ಆರು ಸೆಕೆಂಡ್ ಸುಮ್ಮನಿದ್ದು "ಕುರ್ಚಿ" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ನಾನು ಕಾರಣ ಕೇಳಲಿಲ್ಲ, ಕ್ಲಾಸು ಅದಕ್ಕೆ ಜಾಗ ಅಲ್ಲ. ಆದರೆ ಆ ಆರು ಸೆಕೆಂಡಿನಲ್ಲಿ ಏನೋ ಇತ್ತು ಅನ್ನುವುದನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ಕಡೆಗೂ ಈ ಓದು ಬೇಗನೇ ಬಂತು. ಕಲ್ಕತ್ತಾದ ವೈದ್ಯ ಗಿರೀಂದ್ರಶೇಖರ ಬೋಸ್ ಮನಸ್ಸು ಆಸೆಗಳನ್ನು ಅದುಮುವ ಬಗೆಯ ಮೇಲೆಯೇ ಪ್ರಬಂಧ ಬರೆದು 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮರುವರ್ಷ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಮನೋವಿಶ್ಲೇಷಣೆ ಅಂದರೆ ಫ್ರಾಯ್ಡ್ ಹಾದಿಯ ಓದು, ಚಿಕಿತ್ಸೆ. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಒಪ್ಪದ ಕಡೆ ಒಪ್ಪಲಿಲ್ಲ ಎಂದೇ ಬರೆದರು. ಅಂದರೆ ಅಮ್ಮನ ಪ್ರಶ್ನೆಗೆ ಉತ್ತರ: ಒಳಮನಸ್ಸಿನ ಮೇಲೆ ಡಾಕ್ಟರೇಟ್ ಕೊಡಲು ಶುರು ಮಾಡಿ ನೂರು ವರ್ಷ ಆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಬಂತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದವರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಮನಸ್ಸಿನ ಮೇಷ್ಟ್ರು ರೇಡಿಯೋ ನಡೆಸಿದ್ದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಒಂದು ಕನಸು, ಮೂರು ಥರದ ಸಂಶೋಧನೆ

ಈಗ ದೊಡ್ಡಪ್ಪನ ಕನಸಿಗೆ ಬರೋಣ. ಇದೇ ಕನಸು ಮೂವರು ಸಂಶೋಧಕರ ಕೈಗೆ ಸಿಕ್ಕಿತು ಅಂದುಕೊಳ್ಳಿ.

ಮೊದಲನೆಯವರು ಪ್ರಶ್ನಾವಳಿ ತಯಾರಿಸುತ್ತಾರೆ. ಮುನ್ನೂರು ನಿವೃತ್ತ ಕಾರ್ಮಿಕರನ್ನು ಹಿಡಿದು, ಕೆಲಸದ ಕನಸು ಎಷ್ಟು ಸಲ ಬೀಳುತ್ತದೆ, ನಿದ್ದೆ ಹೇಗಿದೆ, ಖಿನ್ನತೆಯ ಸ್ಕೋರು ಎಷ್ಟು ಎಂದು ಕೇಳಿ, ಕಂಪ್ಯೂಟರಿಗೆ ಹಾಕಿ ಸಂಬಂಧ ನೋಡುತ್ತಾರೆ. ಇದು ಬೇಕಾದ ಕೆಲಸವೇ. ಎಷ್ಟು ಜನಕ್ಕೆ ಹೀಗಾಗುತ್ತದೆ ಎಂದು ಗೊತ್ತಾಗುವುದು ಇದರಿಂದ ಮಾತ್ರ. ಆದರೆ ಈ ಲೆಕ್ಕದಲ್ಲಿ ಡಬ್ಬಿ ಕಳೆದುಹೋಗುತ್ತದೆ.

ಎರಡನೆಯವರು ಅನುಭವವನ್ನು ಅನುಭವವಾಗಿಯೇ ನೋಡುವವರು. ಇದರ ಬೇರು ಎಡ್ಮಂಡ್ ಹುಸರ್ಲ್ ಎಂಬ ಜರ್ಮನ್ ತತ್ವಜ್ಞಾನಿಯಲ್ಲಿದೆ. ಅದನ್ನು ಮನಶ್ಶಾಸ್ತ್ರದ ಸಂಶೋಧನೆಗೆ ಹೊಂದುವ ವಿಧಾನವಾಗಿ ಮಾಡಿದವರು ಅಮೆರಿಕದ ಅಮೆಡಿಯೋ ಜಾರ್ಜಿ. ಇಂಗ್ಲೆಂಡಿನ ಜೊನಾಥನ್ ಸ್ಮಿತ್ 1996ರಲ್ಲಿ ಇನ್ನೊಂದು ಬಗೆ ಕೊಟ್ಟರು, ನಮ್ಮ ವಿದ್ಯಾರ್ಥಿಗಳು ಐಪಿಎ (ಅನುಭವದ ಅರ್ಥ ಹುಡುಕುವ ವಿಶ್ಲೇಷಣೆ) ಎಂದು ಹೇಳುವುದು ಅದನ್ನೇ. ಮಾಡುವುದು ಹೀಗೆ: ಒಂದೂವರೆ ಗಂಟೆ ಮಾತಾಡಿಸಿ, ಕೆಮ್ಮು ನಿಟ್ಟುಸಿರು ಸಮೇತ ಬರೆದುಕೊಂಡು, ಮೊದಲು ಇಡೀ ಮಾತನ್ನು ಓದುತ್ತಾರೆ. ಆಮೇಲೆ ಅರ್ಥ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಲ್ಲಿ ಗೆರೆ ಹಾಕುತ್ತಾರೆ. 'ಕೂಗು ಹೊಡೀತು, ಎದ್ದೆ' ಒಂದು ತುಂಡು. 'ಡಬ್ಬಿ ಸಿಗವಲ್ದು' ಇನ್ನೊಂದು. 'ಗೇಟು ತೆಗೆದೈತಿ, ಯಾರೂ ಇಲ್ಲ' ಮತ್ತೊಂದು. ಒಂದೊಂದು ತುಂಡಿನಲ್ಲೂ ಆ ಮನುಷ್ಯನಿಗೆ ಲೋಕ ಹೇಗೆ ಕಂಡಿತು ಎಂದು ನೋಡುತ್ತಾರೆ. ಕರೆ ಬಂದಿದೆ, ಹೋಗಲೇಬೇಕು, ಕೈಯಲ್ಲಿ ಬೇಕಾದ್ದು ಇಲ್ಲ, ಹೋದರೆ ಕರೆದವರಿಲ್ಲ. ಇಲ್ಲಿ ಸಂಶೋಧಕರು ತಮ್ಮ ಸಿದ್ಧಾಂತ, ಊಹೆಗಳನ್ನೆಲ್ಲ ಕಂಸದೊಳಗೆ ಹಾಕಿ ಪಕ್ಕಕ್ಕಿಡಬೇಕು. ಗಣಿತದ ಕಂಸವೇ, ಹುಸರ್ಲ್ ಆ ಮಾತನ್ನು ತಗೊಂಡದ್ದೇ ಗಣಿತದಿಂದ. 'ಕೆಲಸ ಕಳಕೊಂಡ ದುಃಖ' ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬಾರದು. ಅವರು ದುಃಖ ಅಂದಿಲ್ಲವಲ್ಲ!

ಮೂರನೆಯವರು ಆಳದವರು. ಇವರು ಕನಸನ್ನು ಅಷ್ಟಕ್ಕೇ ಬಿಡುವುದಿಲ್ಲ, ಹಾಗಂತ ಕನಸಿನ ಪುಸ್ತಕ ತೆಗೆದು 'ಗೇಟು ಕಂಡರೆ ಧನಲಾಭ' ಅಂತಲೂ ಹೇಳುವುದಿಲ್ಲ. ಕನಸಿನ ಒಂದೊಂದು ವಸ್ತುವನ್ನೂ ಕಂಡವರ ಮುಂದೆಯೇ ಇಟ್ಟು, ಇದರಿಂದ ಏನು ನೆನಪಿಗೆ ಬರುತ್ತದೆ ಎಂದು ಕೇಳುತ್ತಾರೆ. ಇದು ಫ್ರಾಯ್ಡ್ ಹಾಕಿಕೊಟ್ಟ ದಾರಿ. ನಾನೂ ಕೇಳಿದೆ. ಸೈರನ್ ಬಗ್ಗೆ ಕೇಳಿದರೆ ಏನೂ ಬರಲಿಲ್ಲ. ಗೇಟಿನ ಬಗ್ಗೆ ಯೂನಿಯನ್ನಿನ ಹಳೆಯ ಕಥೆಗಳೆಲ್ಲ ಬಂದವು, ನಗುನಗುತ್ತಾ ಹೇಳಿದರು. ಡಬ್ಬಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದರ ಮುಚ್ಚಳ ಸೊಟ್ಟಾಗಿತ್ತು. ಸಾರು ಚೆಲ್ಲೋದು. ಹೊಸದು ತಗಂಬಾ ಅಂತ ಹತ್ತು ಸಲ ಹೇಳಿದ್ಲು. ತರಲಿಲ್ಲ."

ಅಷ್ಟು ಹೇಳಿ ನೀರು ಕುಡಿಯಲು ಎದ್ದು ಹೋದರು.

ಮಿಲ್ಲಿನ ಕನಸು ಎಂದುಕೊಂಡಿದ್ದೆವು, ಅಲ್ವಾ? ದೊಡ್ಡ ನೋವು ಕನಸಿನಲ್ಲಿ ನೇರವಾಗಿ ಬರದೆ ಯಾವುದೋ ಸಣ್ಣ ವಸ್ತುವಿಗೆ ಜಾಗ ಬದಲಿಸಿಕೊಂಡು ಬರುತ್ತದೆ ಎಂದು ಫ್ರಾಯ್ಡ್ ಹೇಳಿದ್ದನ್ನು ಪುಸ್ತಕದಲ್ಲಿ ಓದಿ ಇಪ್ಪತ್ತು ಬ್ಯಾಚಿಗೆ ಪಾಠ ಮಾಡಿದ್ದೇನೆ. ಸೊಟ್ಟ ಮುಚ್ಚಳ ಕಂಡದ್ದು ಅವತ್ತೇ. ಆದರೂ 'ಇದು ಹೆಂಡತಿಯ ವಿಷಯದ ತಪ್ಪಿತಸ್ಥ ಭಾವ' ಎಂದು ಷರಾ ಬರೆದು ಫೈಲು ಮುಚ್ಚಿದರೆ ಮುಗಿಯಲಿಲ್ಲ. ಮಗ್ಗದ ಸದ್ದು ಇನ್ನೂ ಉಳಿದಿದೆ. ಯಾರೂ ಇಲ್ಲದ ಕಡೆ ಕೆಲಸ ನಡೆಯುತ್ತಿದೆ. ಅದನ್ನು ಏನೆಂದು ಓದುವುದು? ಯೂಂಗ್ ಆಗಿದ್ದರೆ ಖಾಲಿ ಅರಮನೆ, ತಾನೇ ತಿರುಗುವ ರಾಟೆ, ಇಂಥ ಕಥೆಗಳನ್ನೆಲ್ಲ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ನನಗೆ ಅದರಲ್ಲಿ ಅರ್ಧ ನಂಬಿಕೆ, ಅರ್ಧ ಅನುಮಾನ.

ಅನುಮಾನ ಯಾಕೆ ಅಂದರೆ, ಮೂಲಪ್ರತಿಮೆ ಅನ್ನುವುದು ರಬ್ಬರ್ ಸ್ಟಾಂಪ್ ಆಗುವುದು ಬಹಳ ಸುಲಭ. ಚಿತ್ರದುರ್ಗದ ಓಬವ್ವನನ್ನೇ ತಗೊಳ್ಳಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವಾಗ ಒನಕೆ ಹಿಡಿದು ನಿಂತವಳು. 'ಓಬವ್ವ ವೀರಮಾತೆಯ ಮೂಲಪ್ರತಿಮೆ' ಎಂದು ಬರೆದು, ಕಾಳಿ, ದುರ್ಗೆ, ಗ್ರೀಕರ ಅಥೀನಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಇನ್ನೂರು ಪುಟ ಸಲೀಸಾಗಿ ತುಂಬುತ್ತದೆ. ಓದಿದವರಿಗೆ ಹೊಸದಾಗಿ ಒಂದು ವಿಷಯವೂ ಸಿಗುವುದಿಲ್ಲ. ಅದರ ಬದಲು ಹೀಗೆ ಕೇಳಿ ನೋಡಿ: ಕೋಟೆಯ ಕೆಳಗೇ ಬೆಳೆದು, ಸ್ಕೂಲ್ ಡೇಯಲ್ಲಿ ಓಬವ್ವನ ಪಾತ್ರ ಮಾಡಿದ ಹೆಂಗಸಿಗೆ ನಲವತ್ತನೇ ವಯಸ್ಸಿನಲ್ಲಿ ಆ ಒನಕೆ ಎಲ್ಲಿದೆ? ಮನೆಯಲ್ಲಿ ಗಂಡ ಕೈ ಎತ್ತಿದಾಗ ಅದು ನೆನಪಾಗುತ್ತದಾ? ನೆನಪಾಗಿ ಧೈರ್ಯ ಕೊಡುತ್ತದಾ, 'ನಾನು ಓಬವ್ವ ಅಲ್ಲವಲ್ಲ' ಎಂದು ಇನ್ನಷ್ಟು ಕುಗ್ಗಿಸುತ್ತದಾ? ಇದು ಪಿಎಚ್‌ಡಿ ಆಗುವ ಪ್ರಶ್ನೆ.

ಇಂಥ ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಜ್ಜನ ಬಾಯಲ್ಲಿ ಮಾತ್ರ ಕೇಳಿದ್ದನ್ನು ಎಪ್ಪತ್ತು ವರ್ಷದ ಮೊಮ್ಮಗ ಕಣ್ಣಾರೆ ಕಂಡಾಗ ಅವನೊಳಗೆ ಏನಾಯಿತು? ದುಗ್ಗಮ್ಮನ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರಿಗೆ ದೇವರು ಇಳಿದ ಮೇಲಿನ ಆ ಹತ್ತು ನಿಮಿಷ ಹೇಗಿರುತ್ತದೆ? ಇದನ್ನು ಕಾಯಿಲೆ ಎಂದು ನೋಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೇ, ಆಯಾ ಸಮಾಜ ಒಪ್ಪಿದ ಆಚರಣೆಯೊಳಗೆ ಬರುವ ಮೈದುಂಬುವಿಕೆಯನ್ನು ರೋಗ ಎಂದು ಎಣಿಸುವುದಿಲ್ಲ. ಸುಧೀರ್ ಕಕ್ಕರ್ ಅವರಂಥ ಮನೋವಿಶ್ಲೇಷಕರು ಗುಡಿ, ದರ್ಗಾ, ದೆವ್ವ ಬಿಡಿಸುವ ಓಝಾಗಳ ಹತ್ತಿರ ಹೋಗಿ ಕೂತು ಬರೆದದ್ದು ಇಂಥ ವಿಷಯವನ್ನೇ.

ನೋಡುವವಳ ಮನಸ್ಸನ್ನೂ ಬರೆಯಬೇಕು

ಉಳಿದ ಸಂಶೋಧನೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ.

ದೊಡ್ಡಪ್ಪ ನೀರು ಕುಡಿಯಲು ಎದ್ದಾಗ ನಾನು ಏನು ಮಾಡಿದೆ ಅನ್ನುವುದು ರೆಕಾರ್ಡಿಂಗಿನಲ್ಲಿ ಇದೆ. "ಇರ್ಲಿ ಬಿಡು ದೊಡ್ಡಪ್ಪ, ಆಗಿದ್ದಾಯ್ತು" ಎಂದು ಗಡಬಡಿಸಿ ಹೇಳಿ, ಮತ್ತೆ ಯೂನಿಯನ್ ಕಥೆಗೆ ಎಳೆದುಕೊಂಡು ಹೋಗಿದ್ದೇನೆ. ಅವತ್ತು ಸಮಾಧಾನ ಹೇಳಿದೆ ಅಂದುಕೊಂಡಿದ್ದೆ. ಮೂರು ದಿನ ಬಿಟ್ಟು ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು, ಓಡಿದ್ದು ನಾನು. ದೊಡ್ಡವ್ವ ಆಸ್ಪತ್ರೆಯಲ್ಲಿದ್ದಾಗ ಪರೀಕ್ಷೆ ಪೇಪರು ತಿದ್ದುವ ನೆಪ ಹೇಳಿ ಎರಡು ವಾರ ನೋಡಲು ಹೋಗದಿದ್ದವಳು ನಾನು. ಸೊಟ್ಟ ಮುಚ್ಚಳ ನನ್ನದೂ ಒಂದಿತ್ತು.

ಪ್ರಶ್ನಾವಳಿಯ ಸಂಶೋಧನೆಯಲ್ಲಿ ಇದಕ್ಕೆ ಜಾಗ ಇಲ್ಲ. ಆಳದ ಸಂಶೋಧನೆಯಲ್ಲಿ ಇದೂ ಡೇಟಾ. ಎದುರಿಗೆ ಕೂತವರು ನಮ್ಮ ಮೇಲೆ ತಮ್ಮ ಹಳೆಯ ಸಂಬಂಧಗಳ ಬಣ್ಣ ಹಾಕುತ್ತಾರೆ, ನಾವು ಅವರ ಮೇಲೆ ನಮ್ಮದನ್ನು ಹಾಕುತ್ತೇವೆ. ಇದನ್ನು ಫ್ರಾಯ್ಡ್ ಚಿಕಿತ್ಸೆಯ ಕೋಣೆಯಲ್ಲಿ ಗುರುತಿಸಿದರು, ಆಮೇಲಿನವರು ಸಂಶೋಧನೆಗೂ ತಂದರು. ಕ್ಯಾಲಿಫೋರ್ನಿಯಾದ ಪೆಸಿಫಿಕಾ ಸಂಸ್ಥೆಯಲ್ಲಿ ಆಳದ ಮನಶ್ಶಾಸ್ತ್ರಕ್ಕೇ ಡಾಕ್ಟರೇಟ್ ಇದೆ. ಅಲ್ಲಿ ಪಾಠ ಮಾಡಿದ ರಾಬರ್ಟ್ ರೊಮಾನಿಶಿನ್ ಅವರ ವಾದ ಇನ್ನೂ ಒಂದು ಹೆಜ್ಜೆ ಮುಂದೆ: ವಿಷಯವನ್ನು ನೀವು ಆರಿಸಿಕೊಳ್ಳುವುದಿಲ್ಲ, ನಿಮ್ಮ ಗಾಯದ ದಾರಿಯಲ್ಲಿ ವಿಷಯವೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಸ್ವಲ್ಪ ಜಾಸ್ತಿ ಆಯಿತು ಅನ್ನಿಸಬಹುದು. ಹಾಗಂತ ಥೀಸಿಸ್ಸನ್ನು ತನ್ನ ಗೋಳಿನ ಡೈರಿ ಮಾಡುವಂತಿಲ್ಲ. ನನ್ನ ನೋವು ಎಲ್ಲಿ ದೊಡ್ಡಪ್ಪನ ಮಾತನ್ನು ತಿರುಚಿತು ಎಂದು ತೋರಿಸುವಷ್ಟು ಬರೆಯಬೇಕು, ಅಷ್ಟೇ.

ಇನ್ನೊಂದು ತಮಾಷೆ. ತಿಂಗಳ ಹಿಂದೆ "ಡಬ್ಬಿ ಸಿಕ್ತಾ ದೊಡ್ಡಪ್ಪ?" ಎಂದು ಕೇಳಿದೆ. "ಎಲ್ಲಿಂದ ಸಿಗ್ತತಿ? ಈಗ ಹುಡುಕಾಕೆ ನೀನೂ ಬಂದಿರ್ತಿ, ಕೈಯಾಗ ಮೊಬೈಲ್ ಹಿಡ್ಕಂಡು" ಅಂದರು. ಕೇಳಲು ಹೋದವಳು ಕನಸಿನ ಒಳಗೇ ಸೇರಿಬಿಟ್ಟಿದ್ದೆ.

ಹೀಗಿರುವಾಗ ಇದು ವಿಜ್ಞಾನವೇ? ಕಾರ್ಲ್ ಪಾಪರ್ ಎಂಬ ತತ್ವಜ್ಞಾನಿ ಅಲ್ಲ ಎಂದರು. ಯಾವ ಉತ್ತರ ಬಂದರೂ ಸಿದ್ಧಾಂತ ಸರಿಯೇ ಎಂದು ತೋರಿಸಬಹುದಾದರೆ ಅದು ವಿಜ್ಞಾನ ಹೇಗಾದೀತು ಎಂಬುದು ಅವರ ತಕರಾರು. ಒಪ್ಪಬೇಕಾದ ಮಾತೇ. 'ನಿಮಗೆ ಅಪ್ಪನ ಮೇಲೆ ಸಿಟ್ಟು' ಅಂದಾಗ ಹೌದು ಅಂದರೂ ಸರಿ, ಇಲ್ಲ ಅಂದರೆ 'ಅದುಮಿಟ್ಟಿದ್ದೀರಿ' ಎಂದರೂ ಸರಿ, ಇದು ಜ್ಯೋತಿಷ್ಯಕ್ಕಿಂತ ಎಷ್ಟು ದೂರ? ಅದಕ್ಕೇ ಪಿಎಚ್‌ಡಿ ಮಾಡಿಸುವ ಒಳ್ಳೆಯ ಗೈಡುಗಳು ಮೂಲ ಮಾತನ್ನು ಪುಟಗಟ್ಟಲೆ ಹಾಗೇ ಕೊಡು ಅನ್ನುತ್ತಾರೆ. ಓದುವವರು ನಿಮ್ಮ ಅರ್ಥ ಬಿಟ್ಟು ಬೇರೆ ಅರ್ಥ ಮಾಡಲು ಸಾಧ್ಯವಾಗಬೇಕು. ಎಂಟು ಜನರ ಮಾತಿನಿಂದ ಶೇಕಡಾವಾರು ತೆಗೆಯುವಂತಿಲ್ಲ ಅನ್ನುವುದೂ ಅಷ್ಟೇ ಮುಖ್ಯ.

'ಬೇಜಾರು' ಪದಕ್ಕೆ ಇಂಗ್ಲಿಷ್ ಏನು?

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಾತಾಡಿಸುವುದು ಕನ್ನಡದಲ್ಲಿ, ಥೀಸಿಸ್ ಬಹಳಷ್ಟು ಸಲ ಇಂಗ್ಲಿಷಿನಲ್ಲಿ. ಮಿಲ್ಲು ಮುಚ್ಚಿದ ದಿನದ ಬಗ್ಗೆ ದೊಡ್ಡಪ್ಪ ಅಂದದ್ದು "ಬೇಜಾರಾತು". ಕೆಲಸವಿಲ್ಲದೆ ಮನೆಯಲ್ಲಿ ಕೂತಾಗಲೂ "ಬೇಜಾರು". ಒಡಹುಟ್ಟಿದ ತಮ್ಮ ಮದುವೆಗೆ ಕರೆಯದಿದ್ದಾಗಲೂ "ಬೇಜಾರು". ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪದ ಬೇಕು. ಯಾವುದನ್ನು ಆರಿಸಿದರೂ ಉಳಿದೆರಡು ಕೈತಪ್ಪುತ್ತವೆ. 'ಕರುಳು ಚುರ್ ಅಂತು', 'ಜೀವ ತಡೀಲಿಲ್ಲ', 'ಎದೆ ಧಸಕ್ ಅಂತು', ಇವೆಲ್ಲ ಬರೀ ಮಾತಿನ ವರಸೆ ಅಲ್ಲ, ಅನುಭವ ಮೈಯಲ್ಲಿ ಎಲ್ಲಿ ಕೂತಿದೆ ಎಂದು ಹೇಳುವ ವಿಳಾಸ. ನನ್ನ ಸಲಹೆ: ವಿಶ್ಲೇಷಣೆಯನ್ನು ಕನ್ನಡದಲ್ಲೇ ಮಾಡಿ, ಕೊನೆಯಲ್ಲಿ ಮಾತ್ರ ಅನುವಾದಿಸಿ, ಮೂಲ ಪದವನ್ನು ಪಕ್ಕದಲ್ಲೇ ಉಳಿಸಿ. ಜಾನಪದ ಅಥವಾ ಸಾಹಿತ್ಯದ ಕಡೆಯಿಂದ ಇದೇ ವಿಷಯಕ್ಕೆ ಹೋಗುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಕನ್ನಡದಲ್ಲೇ ಬರೆಯುವ ದಾರಿ ಇದೆ.

ಹೆಸರು ಮುಚ್ಚಿಡುವುದು ಕೂಡ ಸಣ್ಣ ಊರಿನಲ್ಲಿ ಸುಲಭ ಅಲ್ಲ. ಯೂಂಗ್ 1902ರಲ್ಲಿ ಜ್ಯೂರಿಚ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಡಾಕ್ಟರೇಟ್ ಪ್ರಬಂಧ ಸತ್ತವರ ಜೊತೆ ಮಾತಾಡುತ್ತೇನೆ ಎನ್ನುತ್ತಿದ್ದ ಹದಿಹರೆಯದ ಹುಡುಗಿಯೊಬ್ಬಳ ಬಗ್ಗೆ. ಹೆಸರಿನ ಬದಲು ಎರಡು ಅಕ್ಷರ ಹಾಕಿದ್ದರು. ಆ ಹುಡುಗಿ ಅವರ ಸ್ವಂತ ಸೋದರಮಾವನ ಮಗಳು ಅನ್ನುವುದನ್ನು ಪ್ರಬಂಧದಲ್ಲಿ ಹೇಳಲೇ ಇಲ್ಲ. ಮನೆಯವರು ಗುರುತಿಸದೇ ಇರುತ್ತಾರಾ? ಚಳ್ಳಕೆರೆ ಕಡೆಯ ಒಂದು ಹಳ್ಳಿಯ 'ಅಂಚೆ ಕೆಲಸದ ವಿಧವೆ' ಎಂದು ಬರೆದರೆ ಹೆಸರು ಬರೆದ ಹಾಗೇ. ಅದಕ್ಕೆ ಊರು, ಕೆಲಸ, ಮಕ್ಕಳ ಸಂಖ್ಯೆ ಎಲ್ಲ ಬದಲಿಸಬೇಕಾಗುತ್ತದೆ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಮಾತಾಡುವವರ ಲಿಖಿತ ಒಪ್ಪಿಗೆ, ಬೇಡವೆನಿಸಿದಾಗ ಹಿಂದೆ ಸರಿಯುವ ಹಕ್ಕು, ಇವು ಕಡ್ಡಾಯ. ಮಾತಾಡುತ್ತಾ ಯಾರಾದರೂ ಕುಸಿದರೆ ಮುಂದೇನು ಎಂದೂ ಮೊದಲೇ ಗೊತ್ತಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಕೈಯಲ್ಲಿರಲಿ, ಹತ್ತಿರದ ಮನೋವೈದ್ಯರ ಪರಿಚಯವೂ ಇರಲಿ.

ಕಾಗದಪತ್ರದ ಕಥೆ

ಇದನ್ನು ಬೇಗ ಮುಗಿಸುತ್ತೇನೆ, ವಿಶ್ವವಿದ್ಯಾಲಯಗಳ ವೆಬ್‌ಸೈಟಿನಲ್ಲಿ ಎಲ್ಲ ಸಿಗುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಂಗಸರಿಗೆ ಇನ್ನಷ್ಟು ರಿಯಾಯಿತಿ ಇದೆ. ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಮೀಸಲಾತಿ ಇರುವವರಿಗೆ ಶೇ. 50. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ವರದಿ, ಕೊನೆಗೆ ಹೊರಗಿನ ಇಬ್ಬರು ಪರೀಕ್ಷಕರು ಮತ್ತು ವೈವಾ, ಅಂದರೆ ಮೌಖಿಕ ಪರೀಕ್ಷೆ. ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ, ಪ್ರಾಧ್ಯಾಪಕರು ಎಂಟು ಜನಕ್ಕೆ ಮಾತ್ರ ಗೈಡ್ ಆಗಬಹುದು. ಇಲ್ಲೇ ಪೇಚು. ಕನಸು, ಅನುಭವ ಎಂದರೆ ಮುಖ ಸಿಂಡರಿಸದ ಗೈಡು ಸಿಗುವುದು ಸೀಟು ಸಿಗುವುದಕ್ಕಿಂತ ಕಷ್ಟ.

ಇನ್ನೊಂದು ಮಾತು, ಬಹಳ ಜನ ತಪ್ಪು ತಿಳಿಯುತ್ತಾರೆ. ಈ ಪಿಎಚ್‌ಡಿ ಸಿಕ್ಕಿದ ಮಾತ್ರಕ್ಕೆ ಬೋರ್ಡು ಹಾಕಿ ಚಿಕಿತ್ಸೆ ಕೊಡುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಬೇರೆ ತರಬೇತಿ ಬೇಕು, ನೋಂದಣಿ ಬೇಕು. ಹೆಸರಿನ ಹಿಂದೆ 'ಡಾ.' ಬರುತ್ತದೆ, ಪ್ರಿಸ್ಕ್ರಿಪ್ಷನ್ ಬರುವುದಿಲ್ಲ.

ನಮ್ಮ ಹುಡುಗಿ ಮೊದಲು ತಂದಿದ್ದ ಶೀರ್ಷಿಕೆ 'ದಾವಣಗೆರೆ ಜಿಲ್ಲೆಯ ನಿವೃತ್ತ ಕಾರ್ಮಿಕರ ಕನಸುಗಳು: ಒಂದು ಅಧ್ಯಯನ'. ಈಗ ಅವಳು ಕೋರ್ಸ್‌ವರ್ಕ್ ಮಾಡುತ್ತಿದ್ದಾಳೆ. ಮೊನ್ನೆ ಕಳಿಸಿದ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಕರಡಿನಲ್ಲಿ 'ಒಂದು ಅಧ್ಯಯನ' ಇರಲಿಲ್ಲ. 'ಕೆಲಸ ಹೋದ ಮೇಲೂ ಕನಸಿನಲ್ಲಿ ಕೆಲಸಕ್ಕೆ ಹೋಗುವವರು' ಎಂದಿತ್ತು. ಸ್ಯಾಂಪಲ್ ಎದುರು ಮುನ್ನೂರು ಹೊಡೆದುಹಾಕಿ ಏಳು ಎಂದು ಬರೆದಿದ್ದಳು. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: "ಮೇಡಂ, ಇವರಲ್ಲಿ ನಮ್ಮಪ್ಪನ್ನ ಸೇರಿಸಬಹುದಾ?"

ಇನ್ನೂ ಉತ್ತರ ಬರೆದಿಲ್ಲ.